‘ವಯಸ್ಸಾಯಿತಲ್ಲ’ ಎಂಬ ಮಾತು ಮನಸ್ಸಿಗೆ ಇಳಿಯುವ ಬಗೆ

ಹಗಲು ಹೊಟೇಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ ಮುಂಬಯಿಯಲ್ಲಿ ಬದುಕು ಕಟ್ಟಿಕೊಂಡ ಕನ್ನಡಿಗರ ಒಂದು ತಲೆಮಾರು ಈಗ ಎಪ್ಪತ್ತು, ಎಂಬತ್ತು ದಾಟಿದೆ. ಗಲ್ಲಾದಲ್ಲಿ ಮಗ ಕೂರುತ್ತಾನೆ. ‘ನಿಮಗೇಕೆ ಈ ತಾಪತ್ರಯ, ಊರಿಗೆ ಹೋಗಿ ಆರಾಮವಾಗಿರಿ’ ಎಂದು ಮನೆಯವರು ಅಕ್ಕರೆಯಿಂದಲೇ ಹೇಳುತ್ತಾರೆ. ಊರಿನಲ್ಲಿ ಜೊತೆಯವರು ಉಳಿದಿಲ್ಲ. ಇಲ್ಲಿ ಲೆಕ್ಕಪತ್ರದ ಮಾತು ಬಂದರೆ ಅವರನ್ನು ಕೇಳುವವರಿಲ್ಲ. ಇಂಥ ಅಕ್ಕರೆಯೊಳಗೂ ತಾರತಮ್ಯ ಇರಬಹುದು ಎಂದು ಗುರುತಿಸಲು ಜಗತ್ತಿಗೆ ಬಹುಕಾಲ ಹಿಡಿಯಿತು.

ಮುಪ್ಪಿಗೆ ಗೆರೆ ಎಳೆದದ್ದು ಬಹುಮಟ್ಟಿಗೆ ಸರಕಾರಿ ಕಡತ. 1889ರಲ್ಲಿ ಜರ್ಮನಿ ವೃದ್ಧಾಪ್ಯ ಪಿಂಚಣಿಗೆ 70 ವರ್ಷ ಎಂದಿತು, 1916ರಲ್ಲಿ ಅದನ್ನು 65ಕ್ಕೆ ಇಳಿಸಿತು. ನಮ್ಮ ಕೇಂದ್ರ ನೌಕರರ ನಿವೃತ್ತಿ ವಯಸ್ಸು 58ರಿಂದ 60ಕ್ಕೆ ಏರಿದ್ದು 1998ರಲ್ಲಿ.

1969ರಲ್ಲಿ ವಾಷಿಂಗ್ಟನ್ ಬಳಿ ವೃದ್ಧರಿಗಾಗಿ ವಸತಿ ಕಲ್ಪಿಸುವ ಯೋಜನೆಯನ್ನು ಅಕ್ಕಪಕ್ಕದವರು ವಿರೋಧಿಸಿದರು. ಮನೋವೈದ್ಯ ರಾಬರ್ಟ್ ಬಟ್ಲರ್ ಆ ಧೋರಣೆಯನ್ನು ‘ಏಜಿಸಂ’, ಅಂದರೆ ವಯೋಭೇದ, ಎಂದು ಕರೆದು, ಜನಾಂಗಭೇದ, ಲಿಂಗಭೇದಗಳ ಸಾಲಿನಲ್ಲಿ ಇಟ್ಟರು. ಅವರನ್ನು ಬೆಳೆಸಿದವರು ಅಜ್ಜ ಅಜ್ಜಿ.

ಮನಸ್ಸಿನ ಕಥೆ ತೆರೆದುಕೊಂಡದ್ದು ಆಮೇಲೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕಿ ಬೆಕಾ ಲೆವಿ, ಅಲ್ಲಿನ ಒಹಾಯೋ ರಾಜ್ಯದಲ್ಲಿ 50 ದಾಟಿದ 660 ಮಂದಿಯ ಮಾಹಿತಿಯನ್ನು ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದರು: ತಮ್ಮ ಮುಪ್ಪಿನ ಬಗ್ಗೆ ಒಳ್ಳೆಯ ಭಾವನೆ ಇದ್ದವರು ಉಳಿದವರಿಗಿಂತ ಸರಾಸರಿ ಏಳೂವರೆ ವರ್ಷ ಹೆಚ್ಚು ಬದುಕಿದ್ದರು. ಲೆವಿ ಕೊಡುವ ವಿವರಣೆ ನನ್ನನ್ನು ಬಹಳ ಕಾಡುತ್ತದೆ. ವೃದ್ಧರ ಕುರಿತ ಕೀಳು ಮಾತುಗಳನ್ನು ನಾವು ಬಾಲ್ಯದಲ್ಲೇ ಒಳಗೆ ತೆಗೆದುಕೊಂಡಿರುತ್ತೇವೆ. ಆಗ ಅವು ಬೇರೆಯವರ ವಿಷಯ, ಹಾಗಾಗಿ ಪ್ರಶ್ನಿಸುವುದಿಲ್ಲ. ದಶಕಗಳ ಬಳಿಕ ಅವೇ ಮಾತುಗಳು ನಮಗೆ ಅನ್ವಯಿಸತೊಡಗುತ್ತವೆ. ‘ಅರವತ್ತಕ್ಕೆ ಅರಳುಮರಳು’ ಎಂದು ನಗುತ್ತಾ ಬೆಳೆದವರು, ಬೀಗದ ಕೈ ಎಲ್ಲಿಟ್ಟೆನೆಂದು ಒಮ್ಮೆ ಮರೆತರೂ ಅಂಜುತ್ತಾರೆ. ಸಂಘದ ಸಭೆಗೆ ಹೋಗುವುದನ್ನು ನಿಲ್ಲಿಸುತ್ತಾರೆ, ಮೊಬೈಲಿನಲ್ಲಿ ಹಣ ಕಳಿಸಲು ಕಲಿಯುವ ಗೋಜಿಗೆ ಹೋಗುವುದಿಲ್ಲ. ಒಂಟಿತನ ಹೆಚ್ಚುತ್ತದೆ, ಅದನ್ನು ಕಂಡವರು ಮತ್ತೆ ‘ವಯಸ್ಸಾಯಿತಲ್ಲ’ ಎನ್ನುತ್ತಾರೆ.

ಜಗತ್ತಿನಲ್ಲಿ ಸುಮಾರು 63 ಲಕ್ಷ ಖಿನ್ನತೆಯ ಪ್ರಕರಣಗಳಿಗೆ ಈ ತಾರತಮ್ಯ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿ ಅಂದಾಜಿಸಿತು. ಕಾನೂನು ಮತ್ತು ಶಿಕ್ಷಣದ ಜೊತೆಗೆ, ಎಳೆಯರು ಹಿರಿಯರು ಒಟ್ಟಾಗಿ ಬೆರೆಯುವ ಅವಕಾಶಗಳನ್ನೂ ಅದು ಪರಿಹಾರವಾಗಿ ಸೂಚಿಸಿತು. ಮುಂಬಯಿಯ ನಮ್ಮ ಸಂಘಗಳಲ್ಲಿ ಹಿರಿಯರಿಗೆ ಶಾಲು ಹೊದಿಸಿ ಮುಂದಿನ ಸಾಲಿನಲ್ಲಿ ಕೂರಿಸುತ್ತೇವೆ. ಮಕ್ಕಳಿಗೆ ಕನ್ನಡ ಕಲಿಸುವ ಹೊಣೆಯನ್ನೂ ಅವರಿಗೆ ಕೊಡಬೇಕು.

ಊಟ ಸೇರದಿರುವುದು, ನಿದ್ದೆ ಬಾರದಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ವಾರಗಟ್ಟಲೆ ಮುಂದುವರಿದರೆ ವೈದ್ಯರಿಗೆ ತೋರಿಸಬೇಕು. ಖಿನ್ನತೆ ಮುಪ್ಪಿನ ಸಹಜ ಭಾಗವಲ್ಲ, ಎಂಬತ್ತರಲ್ಲೂ ಅದಕ್ಕೆ ಚಿಕಿತ್ಸೆ ಇದೆ. ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಉಚಿತವಾಗಿ ಕರೆ ಮಾಡಬಹುದು.