ಪಿಷ್ಟದ ಪ್ಲಾಸ್ಟಿಕ್ ಹಾಳೆಯನ್ನು ಗಟ್ಟಿ ಮಾಡುವುದು ಹೇಗೆ?

ಪ್ರಶ್ನೆ: ಮಗಳ ವಿಜ್ಞಾನ ಪ್ರದರ್ಶನಕ್ಕೆ ಕಾರ್ನ್‌ಫ್ಲೋರ್‌ನಿಂದ ಪ್ಲಾಸ್ಟಿಕ್ ಹಾಳೆ ಮಾಡಿದೆವು. ಗ್ಲಿಸರಿನ್ ಕಡಿಮೆಯಾದರೆ ಹಪ್ಪಳದಂತೆ ಮುರಿಯುತ್ತದೆ, ಹೆಚ್ಚಾದರೆ ಅಂಟಂಟಾಗಿ ಹರಿದುಹೋಗುತ್ತದೆ. ಏನು ಮಾಡಬೇಕು?

ಉತ್ತರ: ಸಬ್ಬಕ್ಕಿ ಸಂಡಿಗೆ ಹಾಕಿದವರಿಗೆ ಇದರ ಅರ್ಧ ಉತ್ತರ ಗೊತ್ತಿರುತ್ತದೆ: ಮೊದಲು ಹಿಟ್ಟು ಚೆನ್ನಾಗಿ ಬೇಯಬೇಕು. ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ. ಬಿಳಿ ಚುಕ್ಕೆ ಕಂಡರೆ ಅದು ಬೇಯದೆ ಉಳಿದ ಪಿಷ್ಟ; ಎಳೆದಾಗ ಬಿರುಕು ಹೊರಡುವುದು ಅಲ್ಲಿಂದಲೇ. ಗಾಳಿಗುಳ್ಳೆಯದೂ ಇದೇ ಕಥೆ. ಮೆಕ್ಕೆಜೋಳದ ಪಿಷ್ಟ 62ರಿಂದ 72 ಡಿಗ್ರಿ ಸೆಲ್ಸಿಯಸ್‌ನಲ್ಲೇ ಗಂಜಿಯಾಗುತ್ತದೆ, ನಿಜ. ಆದರೆ ಕಣಗಳು ಒಡೆದು ಹರಡಲು 90 ಡಿಗ್ರಿ ದಾಟಿಸಿ ಕೈಯಾಡಿಸುತ್ತಿರಬೇಕು.

ಇನ್ನು ಗ್ಲಿಸರಿನ್. ಅದು ಪಿಷ್ಟದ ಉದ್ದನೆಯ ಅಣು ಸರಪಳಿಗಳ ನಡುವೆ ನುಸುಳಿ ಅವುಗಳ ಹಿಡಿತವನ್ನು ಸಡಿಲಿಸುತ್ತದೆ, ಜೊತೆಗೆ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಪಿಷ್ಟದ ತೂಕದ ಶೇ 25ರ ಆಸುಪಾಸಿನಿಂದ ಆರಂಭಿಸಿ. ಹತ್ತು ಗ್ರಾಂ ಪಿಷ್ಟಕ್ಕೆ ಬೇಕಾದದ್ದು ಎರಡೂವರೆ ಗ್ರಾಂ; ಗ್ಲಿಸರಿನ್ ನೀರಿಗಿಂತ ಭಾರವಾದ್ದರಿಂದ ಅದು ಎರಡೇ ಮಿಲಿಲೀಟರ್, ಅಂದರೆ ಅರ್ಧ ಟೀ ಚಮಚಕ್ಕಿಂತಲೂ ಕಡಿಮೆ! ಅಂದಾಜಿಗೆ ಸುರಿದರೆ ಕೆಟ್ಟಂತೆಯೇ.

ನಿಜವಾದ ಬಲ ಬರುವುದು ನಾರಿನಿಂದ. ಪಿಷ್ಟ, ನಾರಿನಲ್ಲಿರುವ ಸೆಲ್ಯುಲೋಸ್ ಎರಡೂ ಗ್ಲೂಕೋಸ್‌ನ ಸರಪಳಿಗಳೇ, ಹಾಗಾಗಿ ಒಂದನ್ನೊಂದು ಚೆನ್ನಾಗಿ ಅಪ್ಪಿಕೊಳ್ಳುತ್ತವೆ. ಪ್ರಯೋಗಾಲಯಗಳಲ್ಲಿ ಇದಕ್ಕೆ ನ್ಯಾನೋ ಸೆಲ್ಯುಲೋಸ್, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಸೆಲ್ಯುಲೋಸ್ ಎಳೆಗಳನ್ನು ಬಳಸುತ್ತಾರೆ. ಮನೆಯಲ್ಲಾದರೆ ಟಿಶ್ಯೂ ಕಾಗದವನ್ನು ನೆನೆಸಿ, ಮಿಕ್ಸಿಯಲ್ಲಿ ನುಣ್ಣಗೆ ತಿರುವಿ, ಗಂಜಿಗೆ ಚಿಟಿಕೆಯಷ್ಟು ಬೆರೆಸಿ. ಆಸೆಗೆ ಹೆಚ್ಚು ಹಾಕಿದರೆ ಗಂಟುಕಟ್ಟಿ, ಇದ್ದ ಬಲವೂ ಹೋಗುತ್ತದೆ.

ಬಹಳ ಕಡೆ ವಿನೆಗರ್ ಹಾಕಲು ಹೇಳುತ್ತಾರೆ. ಸ್ವಲ್ಪ ಹಾಕಿದರೆ ಹಾಳೆ ನಯವಾಗಬಹುದು. ಆದರೆ ಹುಳಿಯಲ್ಲಿ ಬಹಳ ಹೊತ್ತು ಕುದಿಸಿದರೆ ಸರಪಳಿಗಳೇ ತುಂಡಾಗುತ್ತವೆ. ಸಿಟ್ರಿಕ್ ಆಮ್ಲ ಸರಪಳಿಗಳ ನಡುವೆ ಕೊಂಡಿ ಹಾಕಬಲ್ಲದು, ಅದಕ್ಕೆ ಒಣಗಿದ ಹಾಳೆಯನ್ನು ನೂರು ಡಿಗ್ರಿಗೂ ಮೀರಿ ಕಾಯಿಸಬೇಕು. ಮಕ್ಕಳ ಕೈಗೆ ಕೊಡುವ ಕೆಲಸವಲ್ಲ.

ಇಷ್ಟಾದರೂ ನೀರನ್ನು ತಡೆಯುವ ಹಾಳೆ ಸಿಗುವುದಿಲ್ಲ. ಅಂಗಡಿಯಲ್ಲಿ ಸಿಗುವ ಪಿಷ್ಟದ ಚೀಲಗಳಲ್ಲೂ ಸಾಮಾನ್ಯವಾಗಿ ಪಿಬಿಎಟಿ ಎಂಬಂಥ, ಗೊಬ್ಬರವಾಗಬಲ್ಲ ಬೇರೊಂದು ಪ್ಲಾಸ್ಟಿಕ್ ಬೆರೆತಿರುತ್ತದೆ. ಬರೀ ಪಿಷ್ಟವನ್ನು ನಂಬಿ ಯಾರೂ ತರಕಾರಿ ಚೀಲ ಮಾಡುವುದಿಲ್ಲ.

ಹಾಳೆಗಳನ್ನು ಹೋಲಿಸುವ ಮುನ್ನ ಎಲ್ಲವನ್ನೂ ಒಂದೇ ಕೋಣೆಯಲ್ಲಿ ಎರಡು ದಿನ ಇಡಿ. ತಿಂಗಳುಗಟ್ಟಲೆ ಬೇಡ, ಫ್ರಿಜ್ಜಿನ ಅನ್ನದಂತೆ ಪಿಷ್ಟವೂ ಬರಬರುತ್ತಾ ಗಡಸಾಗುತ್ತದೆ. ಪ್ರದರ್ಶನ ಮಳೆಗಾಲದಲ್ಲಿದ್ದರೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲೇ ಒಯ್ಯಿರಿ.