ರೂಟ್ 66: ಒಂದು ಹೆದ್ದಾರಿ ಮ್ಯೂಸಿಯಂ ಸೇರಿದ ಕಥೆ

ಅಮೆರಿಕದ ಒಕ್ಲಹೋಮ ರಾಜ್ಯದಲ್ಲಿ, ಟಲ್ಸಾ ನಗರದ ಪಕ್ಕದಲ್ಲೇ, ಸಪುಲ್ಪಾ ಅಂತ ಒಂದು ಸಣ್ಣ ಊರಿದೆ. ಅಲ್ಲಿ 66 ಅಡಿ ಎತ್ತರದ ಒಂದು ಪೆಟ್ರೋಲ್ ಪಂಪ್ ನಿಂತಿದೆ. ಅದರಲ್ಲಿ ಪೆಟ್ರೋಲ್ ಸಿಗುವುದಿಲ್ಲ, ದಾರಿಹೋಕರನ್ನು ಕರೆಯೋಕೆ ಸುಮ್ನೆ ನಿಲ್ಲಿಸಿದ್ದು. ಅಲ್ಲೇ ಇರುವ ಹಳೆಯ ಸೇನಾ ಶಸ್ತ್ರಾಗಾರದ ಕಟ್ಟಡವೇ ‘ಹಾರ್ಟ್ ಆಫ್ ರೂಟ್ 66 ಆಟೋ ಮ್ಯೂಸಿಯಂ’. ಷಿಕಾಗೋದಿಂದ ಲಾಸ್ ಏಂಜಲೀಸ್‌ವರೆಗಿನ ರೂಟ್ 66 ಎಂಬ ಹೆದ್ದಾರಿ ಮತ್ತು ಅದರ ಮೇಲೆ ಓಡಿದ ಕಾರುಗಳ ನೆನಪಿಗೆ ಮೀಸಲಾದ ಜಾಗ. ಇದೇ ದಾರಿಯಲ್ಲಿ ಪಶ್ಚಿಮಕ್ಕೆ ಹೋದರೆ ಕ್ಲಿಂಟನ್, ಎಲ್ಕ್ ಸಿಟಿ, ಅರಿಝೋನಾದ ಕಿಂಗ್‌ಮನ್, ಪೂರ್ವಕ್ಕೆ ಹೋದರೆ ಇಲಿನಾಯ್‌ನ ಪಾಂಟಿಯಾಕ್, ಹೀಗೆ ಊರೂರಲ್ಲೂ ಈ ರಸ್ತೆಯ ಮ್ಯೂಸಿಯಂಗಳಿವೆ.

ಒಂದು ರಸ್ತೆಗೆ ಇಷ್ಟೊಂದು ಮ್ಯೂಸಿಯಂ ಯಾಕೆ? ಸರ್ಕಾರದ ಲೆಕ್ಕದಲ್ಲಿ ಆ ರಸ್ತೆ 1985ರಲ್ಲೇ ಮುಗಿದುಹೋಗಿದೆ. ಅದನ್ನು ಮುಗಿಸಿದ್ದು ಯಾರು ಅಂತ ಕೇಳಿದರೆ ಎಲ್ಲರೂ ಹೊಸ ಎಕ್ಸ್‌ಪ್ರೆಸ್‌ವೇ ಕಡೆಗೆ ಬೆರಳು ತೋರಿಸುತ್ತಾರೆ. ನನ್ನ ಪ್ರಕಾರ ಉತ್ತರ ಇಂಥ ಮ್ಯೂಸಿಯಂಗಳ ಒಳಗೇ ಸಾಲಾಗಿ ನಿಂತಿದೆ. ಕಾರುಗಳನ್ನು ಹಳೆಯದರಿಂದ ಹೊಸದಕ್ಕೆ, ವಯಸ್ಸಿನ ಕ್ರಮದಲ್ಲಿ ನೋಡಬೇಕು, ಅಷ್ಟೇ.

ಮೊದಲು ಫೋರ್ಡ್ ಮಾಡೆಲ್ ಟಿ. 1908ರಿಂದ 1927ರವರೆಗೆ ಸುಮಾರು ಒಂದೂವರೆ ಕೋಟಿ ತಯಾರಾದವು. ಶಕ್ತಿ 20 ಹಾರ್ಸ್‌ಪವರ್. ಗಂಟೆಗೆ 40-45 ಮೈಲಿ ಓಡಿದರೆ ಅದೇ ಜಾಸ್ತಿ. 1920ರ ದಶಕದ ಮಧ್ಯದಲ್ಲಿ ಬೆಲೆ 260 ಡಾಲರ್‌ಗೆ ಇಳಿದು ರೈತರ ಕೈಗೂ ಕಾರು ಬಂತು. ಆದರೆ ರಸ್ತೆ? ಆಗ ಇದ್ದದ್ದು ಖಾಸಗಿ ಸಂಘಗಳು ಹೆಸರಿಟ್ಟ ಕಚ್ಚಾ ದಾರಿಗಳು. ಕಂಬಗಳಿಗೆ ಬಳಿದ ಬಣ್ಣದ ಪಟ್ಟಿ ನೋಡಿಕೊಂಡು ಹೋಗಬೇಕಿತ್ತು. ಒಂದೇ ಕಂಬಕ್ಕೆ ನಾಲ್ಕೈದು ಸಂಘಗಳ ಬಣ್ಣ ಬಿದ್ದಿದ್ದರೆ ದಾರಿ ಹುಡುಕುವುದು ದೇವರಿಗೇ ಪ್ರೀತಿ.

ಹೆಸರು ಬಿಟ್ಟು ನಂಬರ್ ಕೊಡೋಣ ಎಂದು 1925ರಲ್ಲಿ ಕೇಂದ್ರ ಸರ್ಕಾರ ಒಂದು ಮಂಡಳಿ ಮಾಡಿತು. ಅದರಲ್ಲಿ ಟಲ್ಸಾದ ಸೈರಸ್ ಏವರಿ ಇದ್ದರು. ಷಿಕಾಗೋದಿಂದ ಲಾಸ್ ಏಂಜಲೀಸ್‌ಗೆ ಹೋಗುವ ರಸ್ತೆ ತಮ್ಮ ಒಕ್ಲಹೋಮದ ಮೂಲಕವೇ ಹೋಗುವಂತೆ ನೋಡಿಕೊಂಡವರು ಇವರೇ. (ಟಲ್ಸಾದಲ್ಲಿ ಅವರದ್ದೊಂದು ಪೆಟ್ರೋಲ್ ಬಂಕ್ ಕೂಡ ಇತ್ತು. ಊರಿನ ಹಿತ, ಜೇಬಿನ ಹಿತ ಎರಡೂ ಒಟ್ಟಿಗೇ ಹೋದವು ಅನ್ನಿ.) ಅವರು ಆರಿಸಿದ ನಂಬರ್ 66 ಅಲ್ಲ, 60. ಸೊನ್ನೆಯಿಂದ ಮುಗಿಯುವ ನಂಬರ್‌ಗಳು ದೇಶವನ್ನು ಅಡ್ಡಲಾಗಿ ದಾಟುವ ದೊಡ್ಡ ರಸ್ತೆಗಳಿಗೆ ಅಂತ ನಿಯಮ. ತಮ್ಮ ರಾಜ್ಯಕ್ಕೆ ಅಂಥದ್ದೊಂದೂ ಸಿಗಲಿಲ್ಲ ಎಂದು ಕೆಂಟಕಿಯ ಗವರ್ನರ್ ವಿಲಿಯಂ ಫೀಲ್ಡ್ಸ್ ತಕರಾರು ತೆಗೆದರು. ಏವರಿಗೆ 62 ಕೊಡಲು ಬಂದರು, ಅವರು ಒಪ್ಪಲಿಲ್ಲ. ಹಗ್ಗಜಗ್ಗಾಟ ತಿಂಗಳುಗಟ್ಟಲೆ ನಡೆಯಿತು. ಕೊನೆಗೆ 66 ಇನ್ನೂ ಯಾರಿಗೂ ಹೋಗಿಲ್ಲ ಎಂದು ಕಂಡಿತು. 1926ರ ಏಪ್ರಿಲ್ 30ರಂದು ಮಿಸೌರಿಯ ಸ್ಪ್ರಿಂಗ್‌ಫೀಲ್ಡ್‌ನಿಂದ ಏವರಿ ಕಡೆಯವರ ಟೆಲಿಗ್ರಾಂ ಹೋಯಿತು: 66 ಆದರೆ ನಮಗೆ ಸರಿ. ಆಮೇಲೆ ಟಿ-ಶರ್ಟು, ಮಗ್ಗು, ಸ್ಟಿಕರು ಎಲ್ಲದರ ಮೇಲೂ ಬಂದ ಈ ಸಂಖ್ಯೆ ಹೀಗೆ ರಾಜಿಯಲ್ಲಿ ಸಿಕ್ಕಿದ್ದು.

ಆ ವರ್ಷ ನವೆಂಬರ್ 11ಕ್ಕೆ ರಸ್ತೆ ಅಧಿಕೃತವಾಯಿತು. ಎಂಟು ರಾಜ್ಯ, 2,448 ಮೈಲಿ, ಅಂದರೆ ಸುಮಾರು 3,940 ಕಿಲೋಮೀಟರ್. ಅದರಲ್ಲಿ ಗಟ್ಟಿ ರಸ್ತೆ ಇದ್ದದ್ದು 800 ಮೈಲಿ ಮಾತ್ರ. ಉಳಿದದ್ದು ಮಣ್ಣು, ಜಲ್ಲಿ, ಕೆಲವು ಕಡೆ ಹಲಗೆ. ಒಕ್ಲಹೋಮದ ಮಯಾಮಿ ಹತ್ತಿರ ಒಂದು ತುಂಡು ಬರೀ 9 ಅಡಿ ಅಗಲ ಇತ್ತು. ಎದುರಿಂದ ಕಾರು ಬಂದರೆ ಇಬ್ಬರೂ ಒಂದೊಂದು ಚಕ್ರ ಮಣ್ಣಿಗಿಳಿಸಬೇಕು. ಪೂರ್ತಿ ರಸ್ತೆ ಗಟ್ಟಿಯಾಗಿದ್ದು 1938ರಲ್ಲಿ.

ಅರಿಝೋನಾದ ಓಟ್‌ಮನ್ ಬಳಿಯ ಘಾಟಿ ಇನ್ನೂ ಮಜಾ. ಮಾಡೆಲ್ ಟಿ ಒಳಗೆ ಇಂಜಿನ್‌ಗೆ ಪೆಟ್ರೋಲ್ ತಳ್ಳುವ ಪಂಪ್ ಇರಲಿಲ್ಲ. ಸೀಟಿನ ಕೆಳಗಿನ ಟ್ಯಾಂಕ್‌ನಿಂದ ಪೆಟ್ರೋಲ್ ತಾನಾಗಿಯೇ ಇಳಿದು ಇಂಜಿನ್‌ಗೆ ಬರಬೇಕು. ಕಡಿದಾದ ಏರಿನಲ್ಲಿ ಮೂತಿ ಮೇಲಾದರೆ ಇಂಜಿನ್‌ಗೆ ಪೆಟ್ರೋಲ್ ಹೋಗದು. ಅದಕ್ಕೆ ಜನ ಕಾರನ್ನು ತಿರುಗಿಸಿ ರಿವರ್ಸ್‌ನಲ್ಲಿ ಬೆಟ್ಟ ಹತ್ತುತ್ತಿದ್ದರು. ಪಕ್ಕದಲ್ಲಿ ಪ್ರಪಾತ, ಕತ್ತು ಹಿಂದಕ್ಕೆ! ಧೈರ್ಯ ಸಾಲದವರು ದುಡ್ಡು ಕೊಟ್ಟು ಎಳೆಸಿಕೊಳ್ಳುತ್ತಿದ್ದರು. ಈ ಘಾಟಿಯನ್ನು ತಪ್ಪಿಸುವ ದಾರಿ ಬಂದದ್ದು 1950ರ ದಶಕದ ಶುರುವಿನಲ್ಲಿ.

ಮುಂದಿನ ಕಾಲದ ವಾಹನಗಳು ಮ್ಯೂಸಿಯಂಗಳಲ್ಲಿ ಕಡಿಮೆ. ಅವು ಉಳಿಯಲೇ ಇಲ್ಲ, ಉಳಿಸಿಕೊಳ್ಳುವಷ್ಟು ಚೆಂದವೂ ಇರಲಿಲ್ಲ. 1930ರ ದಶಕದಲ್ಲಿ ಬರಗಾಲ, ಧೂಳಿನ ಬಿರುಗಾಳಿ, ಸಾಲ ಎಲ್ಲ ಸೇರಿ ಒಕ್ಲಹೋಮ, ಅರ್ಕನ್ಸಾಸ್, ಟೆಕ್ಸಸ್ ಕಡೆಯ ರೈತರನ್ನು ಜಮೀನಿನಿಂದ ಎಬ್ಬಿಸಿದವು. ಸುಮಾರು ಎರಡು ಲಕ್ಷ ಜನ ಕ್ಯಾಲಿಫೋರ್ನಿಯಾ ಕಡೆ ಹೊರಟರು. ಹಾಸಿಗೆ, ಪಾತ್ರೆ, ಕೋಳಿಗೂಡು ಹೇರಿದ ಹಳೆ ಕಾರುಗಳಿಗೆ ಸಿಕ್ಕ ದಾರಿ ಇದೇ. ಮರುಭೂಮಿ ದಾಟಲು ಮುಂದೆ ನೀರಿನ ಕ್ಯಾನ್ವಾಸ್ ಚೀಲ ನೇತುಹಾಕುತ್ತಿದ್ದರು. ರೇಡಿಯೇಟರ್‌ಗೂ ಅದೇ ನೀರು, ಮಕ್ಕಳಿಗೂ ಅದೇ ನೀರು. 1936ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸ್ ಪೊಲೀಸರು ರಾಜ್ಯದ ಗಡಿಗೇ ಹೋಗಿ ನಿಂತು ಕೈಯಲ್ಲಿ ಕಾಸಿಲ್ಲದವರನ್ನು ವಾಪಸ್ ಕಳಿಸಿದರು. ಗಡಿ ನೂರಾರು ಮೈಲಿ ದೂರ, ಅದು ಅವರ ಊರೇ ಅಲ್ಲ!

ಅತ್ತ ಕಾರುಗಳ ಶಕ್ತಿ ಏರುತ್ತಲೇ ಇತ್ತು. 1932ರ ಫೋರ್ಡ್ ವಿ8ಗೆ 65 ಹಾರ್ಸ್‌ಪವರ್. 1949ರ ಕ್ಯಾಡಿಲಾಕ್‌ಗೆ 160. 1957ರ ಷೆವರ್ಲೆಯಲ್ಲಿ ಹೆಚ್ಚು ದುಡ್ಡು ಕೊಟ್ಟರೆ 283. ಮ್ಯೂಸಿಯಂನಲ್ಲಿ ಜನ ಫೋಟೋ ತೆಗೆಸಿಕೊಳ್ಳುವುದು ಈ ಕೊನೆಯ ಗುಂಪಿನ ಮುಂದೆ. ಕ್ರೋಮ್ ಮಿನುಗು, ರೆಕ್ಕೆಯಂಥ ಹಿಂಭಾಗ, ಎರಡು ಬಣ್ಣದ ಪೇಂಟ್. ಎರಡನೇ ಮಹಾಯುದ್ಧ ಮುಗಿದಿತ್ತು, ಕೈಯಲ್ಲಿ ದುಡ್ಡಿತ್ತು, ರಜೆಯಿತ್ತು. ಅರಿಝೋನಾದ ಹೋಲ್‌ಬ್ರೂಕ್‌ನಲ್ಲಿ ಗುಡಾರದ ಆಕಾರದ ಮೋಟೆಲ್, ನ್ಯೂ ಮೆಕ್ಸಿಕೋದ ಟುಕುಮ್‌ಕೇರಿಯಲ್ಲಿ ನಿಯಾನ್ ಬೆಳಕಿನ ಬ್ಲೂ ಸ್ವಾಲೋ ಮೋಟೆಲ್. ಈಗ ಎಲ್ಲರೂ ನೆನೆಯುವ ರೂಟ್ 66 ಇದು.

ಆದರೆ ಆ ರಜೆ ಎಲ್ಲರ ಪಾಲಿನದ್ದಾಗಿರಲಿಲ್ಲ. ದಾರಿಯುದ್ದಕ್ಕೂ ಎಷ್ಟೋ ಊರುಗಳಲ್ಲಿ ಕತ್ತಲಾದ ಮೇಲೆ ಕಪ್ಪು ಜನ ಕಾಣಿಸಿಕೊಳ್ಳುವ ಹಾಗಿರಲಿಲ್ಲ. ಮಲಗೋಕೆ, ಊಟಕ್ಕೆ, ಪೆಟ್ರೋಲ್‌ಗೆ ಎಲ್ಲಿ ನಿಲ್ಲಬಹುದು ಎಂದು ತಿಳಿಸಲು ವಿಕ್ಟರ್ ಗ್ರೀನ್ ಎಂಬ ಅಂಚೆ ನೌಕರ 1936ರಿಂದ ‘ಗ್ರೀನ್ ಬುಕ್’ ಎಂಬ ಕೈಪಿಡಿ ತರುತ್ತಿದ್ದರು. ಒಕ್ಲಹೋಮದ ಲೂಥರ್ ಬಳಿ ಥ್ರೆಟ್ ಎಂಬ ಕಪ್ಪು ಕುಟುಂಬ ನಡೆಸುತ್ತಿದ್ದ ಕಲ್ಲಿನ ಪೆಟ್ರೋಲ್ ಬಂಕ್ ಇಂದಿಗೂ ಇದೆ. ಕ್ರೋಮ್ ಹೊಳಪಿಗಿಂತ ಆ ಪುಟ್ಟ ಕಟ್ಟಡ ಈ ರಸ್ತೆಯ ಬಗ್ಗೆ ಜಾಸ್ತಿ ಹೇಳುತ್ತದೆ.

ಈಗ ಲೆಕ್ಕ ಹಾಕಿ. 20 ಹಾರ್ಸ್‌ಪವರ್ ಕಾಲದಲ್ಲಿ ಎಳೆದ ದಾರಿ. ಊರೊಳಗೇ ಹೋಗುತ್ತದೆ, ಸಿಗ್ನಲ್‌ಗೆ ನಿಲ್ಲುತ್ತದೆ, ಹೊಲದ ಅಂಚಿಗೆ ಬಂದರೆ ತಟ್ಟನೆ ತಿರುಗುತ್ತದೆ. ಎರಡೇ ಲೇನ್, ನಡುವೆ ತಡೆ ಇಲ್ಲ. ಅದರ ಮೇಲೆ ಹತ್ತು ಪಟ್ಟು ಶಕ್ತಿಯ, ಎರಡು ಪಟ್ಟು ವೇಗದ, ಸೀಟ್ ಬೆಲ್ಟ್ ಇಲ್ಲದ ಕಾರುಗಳು, ಜೊತೆಗೆ ಲಾರಿಗಳು. ಜನ ಇದನ್ನು ‘ಬ್ಲಡಿ 66’ (ರಕ್ತದ 66) ಎಂದು ಕರೆದದ್ದು ಸುಮ್ನೆ ಅಲ್ಲ.

ಸಪುಲ್ಪಾಗೆ ಏಟು ಬೇಗ ಬಿತ್ತು. 1953ರಲ್ಲೇ ಟಲ್ಸಾ ಮತ್ತು ಒಕ್ಲಹೋಮ ಸಿಟಿ ನಡುವೆ ಟೋಲ್ ಕಟ್ಟಿ ಹೋಗುವ ಟರ್ನರ್ ಟರ್ನ್‌ಪೈಕ್ ಶುರುವಾಯಿತು. ದೂರ ಹೋಗುವವರು ಊರೊಳಗೆ ಬರುವ ಅಗತ್ಯವೇ ಇರಲಿಲ್ಲ. 1956ರ ಜೂನ್ 29ರಂದು ಅಧ್ಯಕ್ಷ ಐಸೆನ್‌ಹೋವರ್ ಇಂಟರ್‌ಸ್ಟೇಟ್, ಅಂದರೆ ರಾಜ್ಯದಿಂದ ರಾಜ್ಯಕ್ಕೆ ಹೋಗುವ ಎಕ್ಸ್‌ಪ್ರೆಸ್‌ವೇ ಹೆದ್ದಾರಿಗಳ ಕಾಯ್ದೆಗೆ ಸಹಿ ಹಾಕಿದರು. ಅವರಿಗೆ ಎರಡು ನೆನಪುಗಳಿದ್ದವು: 1919ರಲ್ಲಿ ಸೇನೆಯ ವಾಹನಗಳ ಜೊತೆ ದೇಶ ದಾಟುವಾಗ ಕೆಸರಲ್ಲಿ ಪಟ್ಟ ಪಾಡು, ಯುದ್ಧದ ವೇಳೆ ಕಂಡ ಜರ್ಮನಿಯ ಆಟೋಬಾನ್. ಹೊಸ ರಸ್ತೆಯ ಹುಮ್ಮಸ್ಸು ಎಲ್ಲಿಗೆ ಹೋಯಿತೆಂದರೆ, ಕ್ಯಾಲಿಫೋರ್ನಿಯಾದ ಬ್ರಿಸ್ಟಲ್ ಬೆಟ್ಟ ಸೀಳಿ ದಾರಿ ಮಾಡಲು 22 ಅಣುಬಾಂಬ್ ಸಿಡಿಸುವ ಯೋಜನೆಯನ್ನು 1963ರಲ್ಲಿ ನಿಜವಾಗಿಯೂ ಪರಿಶೀಲಿಸಿದರು. ಪುಣ್ಯಕ್ಕೆ ಅದು ಅಲ್ಲಿಗೇ ನಿಂತಿತು.

ಐದು ಇಂಟರ್‌ಸ್ಟೇಟ್‌ಗಳು ಸೇರಿ 66ರ ಕೆಲಸ ಕಿತ್ತುಕೊಂಡವು: 55, 44, 40, 15, 10. 1973ರಲ್ಲಿ ಮರುಭೂಮಿಯ ಆಂಬಾಯ್ ಊರು ಬರಿದಾಯಿತು. 1978ರ ಸೆಪ್ಟೆಂಬರ್ 22ರಂದು ಅರಿಝೋನಾದ ಸೆಲಿಗ್‌ಮನ್‌ನಲ್ಲಿ ಟ್ರಾಫಿಕ್ ಒಂದೇ ದಿನಕ್ಕೆ ನಿಂತುಹೋಯಿತು. ಕೊನೆಯದಾಗಿ ವಿಲಿಯಮ್ಸ್ ಊರನ್ನು 1984ರ ಅಕ್ಟೋಬರ್‌ನಲ್ಲಿ ಪಕ್ಕಕ್ಕಿಟ್ಟರು. ಮುಂದಿನ ಜೂನ್‌ನಲ್ಲಿ 66 ಎಂಬ ನಂಬರ್ ಪಟ್ಟಿಯಿಂದ ಹೋಯಿತು.

ಅದನ್ನು ವಾಪಸ್ ತಂದವರಲ್ಲಿ ಮೊದಲಿಗರು ಸೆಲಿಗ್‌ಮನ್‌ನ ಕ್ಷೌರಿಕ ಏಂಜೆಲ್ ಡೆಲ್ಗಡಿಯೊ. ನಿಂತುಹೋದ ಊರಿನಲ್ಲೇ ಕೂತು 1987ರಲ್ಲಿ ಒಂದು ಸಂಘ ಕಟ್ಟಿದರು. ಅದೇ ವರ್ಷ ಅರಿಝೋನಾ ಸರ್ಕಾರ ಆ ಭಾಗವನ್ನು ‘ಹಿಸ್ಟಾರಿಕ್ ರೂಟ್ 66’ ಎಂದು ಘೋಷಿಸಿತು. ಉಳಿದ ರಾಜ್ಯಗಳಲ್ಲೂ ಸಂಘಗಳು ಹುಟ್ಟಿದವು. ಆಮೇಲೆ ಮ್ಯೂಸಿಯಂಗಳು: ಕ್ಲಿಂಟನ್‌ನದ್ದು 1995ರಲ್ಲಿ, ಸಪುಲ್ಪಾದ್ದು 2016ರಲ್ಲಿ. 1999ರಲ್ಲಿ ಅಮೆರಿಕದ ಸಂಸತ್ತು ಹಳೆಯ ಮೋಟೆಲ್, ಬಂಕ್‌ಗಳ ದುರಸ್ತಿಗೆ ನೆರವು ಕೊಡುವ ಕಾಯ್ದೆ ಮಾಡಿತು. ಬದುಕಿದ್ದಾಗ ಬೈಸಿಕೊಂಡ ರಸ್ತೆ, ಕೆಲಸ ಕಳೆದುಕೊಂಡ ಮೇಲೆ ಊರುಗಳಿಗೆ ಅನ್ನ ಹಾಕತೊಡಗಿತು, ವಿಚಿತ್ರ ಅಲ್ವಾ?

ನೋಡಲು ಹೋಗುವವರಿಗೆ ಒಂದು ಮಾತು. ಸಪುಲ್ಪಾದ ಮ್ಯೂಸಿಯಂ ನೋಡಿ ಅಲ್ಲಿಗೇ ಹಿಂದಿರುಗಬೇಡಿ. ಸ್ವಲ್ಪ ದೂರದಲ್ಲೇ ರಾಕ್ ಕ್ರೀಕ್ ಸೇತುವೆ ಇದೆ. 1921ರ ಉಕ್ಕಿನ ಸೇತುವೆ, ಮೇಲೆ ಇಟ್ಟಿಗೆ ಹಾಸು. 66ರ ಮೊದಲ ದಾರಿ ಹೋಗುತ್ತಿದ್ದದ್ದು ಅದರ ಮೇಲೆಯೇ. ಅದರ ಅಗಲ ನೋಡಿ, ಈಗಷ್ಟೇ ಮ್ಯೂಸಿಯಂನಲ್ಲಿ ಕಂಡ 1957ರ ಷೆವರ್ಲೆಗಳೆರಡು ಅಲ್ಲಿ ಎದುರುಬದುರಾಗಿ ಬಂದರೆ ಹೇಗಿರುತ್ತಿತ್ತು ಎಂದು ಯೋಚಿಸಿ.