ಹನ್ನೊಂದು ಗಂಟೆಗೇ ಕೈಕಾಲು ಸೋಲುವುದೇಕೆ?

ಬೆಳಿಗ್ಗೆ ಎಂಟಕ್ಕೆ ನಾಲ್ಕು ತೆಳ್ಳೇವು (ತೆಳ್ಳನೆಯ ಅಕ್ಕಿ ದೋಸೆ), ಮೇಲೆ ಜೋನಿಬೆಲ್ಲ (ನೀರುಬೆಲ್ಲ), ಜೊತೆಗೆ ಎರಡು ಚಮಚ ಸಕ್ಕರೆಯ ಚಹಾ. ಹೊಟ್ಟೆಯೇನೋ ತುಂಬಿತು. ಹನ್ನೊಂದಾಗುವಷ್ಟರಲ್ಲಿ ಕೈಕಾಲು ಸೋತು ಕಣ್ಣು ಎಳೆಯುತ್ತದೆ. ಮತ್ತೊಂದು ಚಹಾ, ಒಂದು ಬನ್ಸ್. ಶಿರಸಿಯ ಕಚೇರಿಯಲ್ಲೂ ಕಾರವಾರದ ಅಂಗಡಿಯಲ್ಲೂ ಇದೇ ಪಾಡು. ತಿಂದದ್ದು ಸಾಲಲಿಲ್ಲ ಎಂದು ಇನ್ನಷ್ಟು ತಿನ್ನುತ್ತೇವೆ. ಆದರೆ ಎಡವಟ್ಟು ಆಗಿರುವುದು ತಿಂದದ್ದು ಕರಗಿದ ವೇಗದಲ್ಲಿ.

ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. ಖಾಲಿ ಹೊಟ್ಟೆಯಲ್ಲಿ ಅಷ್ಟೂ ರಕ್ತದಲ್ಲಿರುವ ಗ್ಲೂಕೋಸ್ ಹತ್ತಿರಹತ್ತಿರ 5 ಗ್ರಾಂ, ಅಂದರೆ ಒಂದು ಚಹಾ ಚಮಚದಷ್ಟು. ಮಿದುಳೊಂದಕ್ಕೇ ದಿನಕ್ಕೆ ಸುಮಾರು 120 ಗ್ರಾಂ ಬೇಕು. ಯಕೃತ್ತು ತನ್ನಲ್ಲಿ ಕೂಡಿಟ್ಟುಕೊಂಡದ್ದನ್ನು ಸ್ವಲ್ಪಸ್ವಲ್ಪವಾಗಿ ಬಿಡುತ್ತ ಈ ಲೆಕ್ಕ ಸರಿದೂಗಿಸುತ್ತದೆ. ನುಣ್ಣಗೆ ರುಬ್ಬಿದ ಬಿಳಿ ಅಕ್ಕಿಯ ಹಿಟ್ಟು, ಬೆಲ್ಲ, ಸಕ್ಕರೆ ಒಟ್ಟಿಗೇ ಒಳಗೆ ಹೋದರೆ ಅರ್ಧ–ಮುಕ್ಕಾಲು ತಾಸಿನಲ್ಲಿ ರಕ್ತದ ಗ್ಲೂಕೋಸ್ ಏರುತ್ತದೆ, ಅದನ್ನು ಇಳಿಸಲು ಇನ್ಸುಲಿನ್ ಬರುತ್ತದೆ. ಕೆಲವರಲ್ಲಿ ಎರಡು–ಮೂರು ತಾಸಿನ ಮೇಲೆ ಗ್ಲೂಕೋಸ್ ತಿನ್ನುವ ಮೊದಲಿದ್ದ ಮಟ್ಟಕ್ಕಿಂತಲೂ ಕೆಳಗಿಳಿಯುತ್ತದೆ. ಹೀಗೆ ಹೆಚ್ಚು ಇಳಿದವರಿಗೆ ಬೇಗ ಹಸಿವಾಗುತ್ತದೆ, ಅವರು ದಿನದಲ್ಲಿ ಹೆಚ್ಚು ತಿನ್ನುತ್ತಾರೆ ಎಂದು ಸಾವಿರಕ್ಕೂ ಹೆಚ್ಚು ಜನರನ್ನು ಗಮನಿಸಿದ 2021ರ ಅಧ್ಯಯನವೊಂದು ತೋರಿಸಿತು. ಬೆಲ್ಲ ಸಕ್ಕರೆಯಲ್ಲವಲ್ಲ ಎನ್ನುವವರಿಗೆ ಒಂದು ಮಾತು: ಒಂದು ದೊಡ್ಡ ಚಮಚ ಜೋನಿಬೆಲ್ಲದಲ್ಲಿ ಸುಮಾರು ಮೂರು ಸಣ್ಣ ಚಮಚ ಸಕ್ಕರೆಯಷ್ಟು ಸಿಹಿ ಇರುತ್ತದೆ. ಇನ್ಸುಲಿನ್‌ಗೆ ಇವೆರಡರಲ್ಲಿ ಭೇದವಿಲ್ಲ.

ಕರಾವಳಿಯ ಹಳೆಯ ಬೆಳಗಿನ ಊಟ ಕುಚ್ಚಲಕ್ಕಿ ಗಂಜಿ, ಕೊಂಕಣಿಗರ ಪೇಜ. ಭತ್ತವನ್ನು ಸಿಪ್ಪೆ ಸಮೇತ ನೆನೆಸಿ, ಹಬೆಯಲ್ಲಿ ಬೇಯಿಸಿ, ಒಣಗಿಸಿ, ಆಮೇಲೆ ಮಿಲ್ಲಿಗೆ ಹಾಕಿದ ಅಕ್ಕಿ ಇದು. ಬೇಯುವಾಗ ಮೃದುವಾದ ಪಿಷ್ಟ, ಒಣಗುವಾಗ ಮತ್ತೆ ಬಿಗಿಯಾಗಿ ಹೆಣೆದುಕೊಳ್ಳುತ್ತದೆ. ಜೀರ್ಣರಸಕ್ಕೆ ಅದನ್ನು ಬಿಡಿಸಲು ಹೊತ್ತು ಬೇಕು. ತೌಡಿನಲ್ಲಿದ್ದ ಬಿ1 ಜೀವಸತ್ವ ಬಿಸಿನೀರಿನೊಂದಿಗೆ ಕಾಳಿನೊಳಕ್ಕೆ ಇಳಿದಿರುವುದರಿಂದ ಮಿಲ್ಲಿನಲ್ಲಿ ಪೂರ್ತಿ ಹೋಗುವುದಿಲ್ಲ. ಗ್ಲೂಕೋಸನ್ನು ಶಕ್ತಿಯಾಗಿಸುವ ಕೆಲಸ ಬಿ1 ಇಲ್ಲದೆ ನಡೆಯದು. ಜಾವಾದಲ್ಲಿದ್ದ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್ಮನ್, ಪಾಲಿಶ್ ಅಕ್ಕಿಯನ್ನಷ್ಟೇ ತಿಂದ ಕೋಳಿಗಳ ಕಾಲು ಸೋತುಹೋಗುವುದನ್ನೂ ಪಾಲಿಶ್ ಮಾಡದ ಅಕ್ಕಿ ಕೊಟ್ಟರೆ ಚೇತರಿಸಿಕೊಳ್ಳುವುದನ್ನೂ ಕಂಡರು. 1929ರಲ್ಲಿ ಅವರಿಗೆ ನೊಬೆಲ್ ಬಂತು.

ಒಂದು ಲೋಟ ಅಕ್ಕಿಗೆ ಐದಾರು ಲೋಟ ನೀರು, ತೆರೆದ ಪಾತ್ರೆ, ಮುಕ್ಕಾಲು ತಾಸು. ಅಗುಳು ಅರಳಿದರೆ ಸಾಕು. ಕುಕ್ಕರಿನಲ್ಲಿ ಏಳೆಂಟು ಸೀಟಿ ಹೊಡೆಸಿ ಮುದ್ದೆ ಮಾಡಿದರೆ ನಿಧಾನವಾಗಿ ಕರಗುವ ಗುಣ ಬಹುಪಾಲು ಹೋಯಿತು. ತಂಗಳನ್ನ ಒಳ್ಳೆಯದು ಎಂಬ ಮಾತಿನಲ್ಲೂ ಹುರುಳಿದೆ: ಆರಿದ ಅನ್ನದಲ್ಲಿ ಬೇಗ ಜೀರ್ಣವಾಗದ ಪಿಷ್ಟ ಹೆಚ್ಚುತ್ತದೆ, ಮತ್ತೆ ಬಿಸಿ ಮಾಡಿದರೂ ಅದರ ಪಾಲು ಉಳಿಯುತ್ತದೆ. ಆದರೆ ನಮ್ಮ ಸೆಕೆಗೆ ಅನ್ನ ಹೊರಗೇ ಉಳಿದರೆ ‘ಬ್ಯಾಸಿಲಸ್ ಸೀರಿಯಸ್’ ಎಂಬ ಬ್ಯಾಕ್ಟೀರಿಯಾ ಬೆಳೆದು ವಾಂತಿ ತರಿಸುವ ವಿಷ ಬಿಡುತ್ತದೆ. ಆ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಅಗಲ ಪಾತ್ರೆಯಲ್ಲಿ ಹರಡಿ ಆರಿಸಿ, ಎರಡು ತಾಸಿನೊಳಗೆ ಫ್ರಿಜ್ಜಿಗೆ ಇಡಿ.

ಬರೀ ಗಂಜಿ–ಉಪ್ಪಿನಕಾಯಿ ಮಧ್ಯಾಹ್ನದವರೆಗೆ ಎಳೆಯುವುದಿಲ್ಲ. 60 ಗ್ರಾಂ ಅಕ್ಕಿಯಿಂದ ಸಿಗುವ ಪ್ರೋಟೀನು ನಾಲ್ಕೈದು ಗ್ರಾಂ. 60 ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 50 ಗ್ರಾಂ ಬೇಕು, ಅದರಲ್ಲಿ ಮೂರನೇ ಒಂದು ಪಾಲಾದರೂ ಬೆಳಿಗ್ಗೆಯೇ ಇರಲಿ. ಒಂದು ಮಧ್ಯಮ ಬಂಗಡೆ ಇದ್ದರೆ ಲೆಕ್ಕ ಸರಿಹೋಗುತ್ತದೆ. ಘಟ್ಟದ ಮೇಲಿನ ಮನೆಗಳಲ್ಲಿ 30 ಗ್ರಾಂ ಒಣ ಹುರುಳಿ ಅಥವಾ ಹೆಸರುಕಾಳಿನ ಉಸಲಿ ಏಳು ಗ್ರಾಂ ಆಸುಪಾಸು ಕೊಡುತ್ತದೆ, ಉಳಿದದ್ದಕ್ಕೆ ಗಟ್ಟಿ ಮೊಸರು, ಒಂದು ಹಿಡಿ ಶೇಂಗಾ. ನೀರುಮಜ್ಜಿಗೆಯನ್ನು ಈ ಲೆಕ್ಕಕ್ಕೆ ಹಿಡಿಯಬೇಡಿ. ಮೀನುಗಾರಿಕೆ ನಿಷೇಧದ ಜೂನ್–ಜುಲೈನಲ್ಲಿ ಒಣಮೀನು ತಿನ್ನುವವರು ಬೇಯಿಸುವ ಮೊದಲು ನೆನೆಸಿ ಉಪ್ಪು ಬಿಡಿಸಬೇಕು.

ಇನ್ನು ನೀರು. ಅಘನಾಶಿನಿ ಹೊಳೆಯಲ್ಲಿ ಬಳಚು (ಚಿಪ್ಪುಮೀನು) ಹೆಕ್ಕುವವರು, ಅಡಿಕೆ ಮರ ಹತ್ತುವ ಕೊನೆಗೌಡರು, ಬಂದರಿನಲ್ಲಿ ಮೀನು ಹೊರುವವರು ‘ಸುಸ್ತು’ ಎನ್ನುವುದು ಎಷ್ಟೋ ಸಲ ನೀರಿನ ಕೊರತೆ. ಗಾಳಿಯಲ್ಲೇ ತೇವ ತುಂಬಿರುವಾಗ ಬೆವರು ಆರದೆ ಸುಮ್ಮನೆ ಹರಿದುಹೋಗುತ್ತದೆ. ಮೈ ತಂಪಾಗುವುದಿಲ್ಲ, ಆದ್ದರಿಂದ ಇನ್ನಷ್ಟು ಬೆವರುತ್ತದೆ. ಕೆಲಸದ ಮುಂಚೆ ಮತ್ತು ನಂತರ ಮೈ ಒರೆಸಿ ತೂಕ ನೋಡಿ: ಒಂದು ಕಿಲೋ ಇಳಿದರೆ ಒಂದು ಲೀಟರ್ ನೀರು ಹೋಗಿದೆ. ಹೋದ ನೀರು ಮೈತೂಕದ ಶೇ. 2 ದಾಟಿದರೆ ದುಡಿಯುವ ಶಕ್ತಿ ಕುಂದುತ್ತದೆ. ಒಂದು ಲೀಟರ್ ಬೆವರಿನಲ್ಲಿ ಒಂದರಿಂದ ನಾಲ್ಕು ಗ್ರಾಂ ಉಪ್ಪೂ ಹೋಗಿರುತ್ತದೆ. ತಾಸುಗಟ್ಟಲೆ ಬೆವರಿ ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ಓಕರಿಕೆ ಬರುತ್ತದೆ. ಗಂಜಿಯ ತಿಳಿಗೆ ಉಪ್ಪು ಹಾಕಿ ಕುಡಿಯುವ ರೂಢಿ ಇಲ್ಲಿ ಸರಿಯಾಗಿ ಹೊಂದುತ್ತದೆ. ಸಣ್ಣ ಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೋಡಿಯಾಗಿ ಒಳಹೋಗುತ್ತವೆ ಎಂದು 1960ರಲ್ಲಿ ಅಮೆರಿಕದ ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್ ಹೇಳಿದರು. ಅವುಗಳ ಬೆನ್ನಿಗೆ ನೀರು ಹೋಗುತ್ತದೆ. ವಾಂತಿ–ಭೇದಿಯಾದವರಿಗೆ ಕೊಡುವ ಉಪ್ಪು–ಸಕ್ಕರೆ ನೀರು, ಓಆರ್‌ಎಸ್, ನಿಂತಿರುವುದೂ ಇದರ ಮೇಲೆಯೇ. ಒಂದು ಲೀಟರ್ ತಿಳಿಗೆ ಅರ್ಧ ಚಹಾ ಚಮಚ ಉಪ್ಪು, ಚಮಚ ಮಟ್ಟಸವಾಗಿರಲಿ. ಕಾಲು ತಾಸಿಗೊಮ್ಮೆ ಒಂದು ಲೋಟದಂತೆ ಕುಡಿಯಬೇಕು. ಇದು ಬಿಸಿಲಲ್ಲಿ ದುಡಿಯುವವರಿಗೆ ಮಾತ್ರ. ಫ್ಯಾನಿನ ಕೆಳಗೆ ಕೂತವರಿಗೆ, ರಕ್ತದೊತ್ತಡ ಇದ್ದವರಿಗೆ ಆ ಉಪ್ಪು ಬೇಡ.

ಹವ್ಯಕರ ಊಟದಲ್ಲಿ ಮಜ್ಜಿಗೆಯ ತಂಬುಳಿ ಮೊದಲೇ ಬರುತ್ತದೆ, ಮಾವಿನಕಾಯಿಯ ಹುಳಿ ಸಾರಾದ ಅಪ್ಪೆಹುಳಿಯನ್ನು ಲೋಟಕ್ಕೆ ಹಾಕಿಸಿಕೊಂಡು ಕುಡಿಯುವವರೂ ಇದ್ದಾರೆ. ಹುಳಿಯ ಎದುರು ಜೊಲ್ಲಿನಲ್ಲಿರುವ ಅಮೈಲೇಸ್ ಕಿಣ್ವ ಮಂಕಾಗುತ್ತದೆ, ಪಿಷ್ಟ ಕರಗುವುದು ತುಸು ತಡವಾಗುತ್ತದೆ. ಪಲ್ಯ, ಕಾಳು, ಮೀನನ್ನು ಮೊದಲು ತಿಂದು ಅನ್ನವನ್ನು ಕೊನೆಗೆ ಉಂಡರೆ ಇನ್ನೂ ಹೆಚ್ಚಿನ ಫಲ. ಮಧ್ಯಾಹ್ನ ಒಂದರಿಂದ ಮೂರರ ನಡುವಿನ ತೂಕಡಿಕೆಯಲ್ಲಿ ಮೈಯ ಗಡಿಯಾರದ ಪಾಲೂ ಇದೆ. ಉಣ್ಣದಿದ್ದರೂ ಅದು ಬರುತ್ತದೆ, ಅದಕ್ಕೆ ಇಪ್ಪತ್ತು ನಿಮಿಷದ ನಿದ್ದೆಯೇ ಮದ್ದು.

ಚಹಾ ಶಕ್ತಿ ಕೊಡುವುದಿಲ್ಲ. ದಣಿವಿನ ಸುದ್ದಿ ಮುಟ್ಟಿಸುವ ಅಡೆನೊಸಿನ್‌ನ ಜಾಗದಲ್ಲಿ ಕೆಫೀನು ಕೂತುಕೊಳ್ಳುತ್ತದೆ, ಅಷ್ಟೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2024ರಲ್ಲಿ ಕೊಟ್ಟ ಲೆಕ್ಕದಂತೆ ಒಂದು ಕಪ್ ಚಹಾದಲ್ಲಿ 30–65 ಮಿಲಿಗ್ರಾಂ ಕೆಫೀನು, ದಿನದ ಮಿತಿ 300. ಊಟದ ಹಿಂದೆ ಮುಂದೆ ಒಂದು ತಾಸು ಚಹಾ ಬೇಡವೆಂದೂ ಅದು ಹೇಳಿದೆ, ಏಕೆಂದರೆ ಚಹಾದ ಒಗರು ಕಬ್ಬಿಣದ ಅಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ. ಉಂಡು ಕೈ ತೊಳೆದೊಡನೆ ಚಹಾ ಕುಡಿಯುವವರಿಗೆ ಬಸಳೆ, ಹರಿವೆ ತಿಂದ ಲಾಭ ಅರ್ಧಕ್ಕರ್ಧ ನಷ್ಟ. ಎಲ್ಲ ಸರಿಮಾಡಿಕೊಂಡರೂ ವಾರಗಟ್ಟಲೆ ಸುಸ್ತು ಬಿಡದಿದ್ದರೆ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ಪರೀಕ್ಷೆ ಮಾಡಿಸಬೇಕು.

ಕೆಫೀನಿನ ಅರ್ಧ ಮೈಯಿಂದ ಹೋಗಲು ಸುಮಾರು ಐದು ತಾಸು ಬೇಕು. ಸಂಜೆ ಐದರ ಚಹಾದ ಅರ್ಧಪಾಲು ರಾತ್ರಿ ಹತ್ತಕ್ಕೂ ಇರುತ್ತದೆ, ನಿದ್ದೆ ತೆಳುವಾಗುತ್ತದೆ, ಮರುದಿನದ ಸುಸ್ತು ಅಲ್ಲಿಂದಲೇ ಶುರು. ಆ ಹೊತ್ತಿಗೆ ‘ಆಸರಿಗೆ (ಕುಡಿಯಲು) ಏನು ಬೇಕು’ ಎಂದು ಕೇಳಿದರೆ ಕಷಾಯ ಎನ್ನಿ. ಹುರಿದ ಕೊತ್ತಂಬರಿ–ಜೀರಿಗೆ ಪುಡಿ ಒಂದು ಚಮಚ, ಒಂದು ಲೋಟ ನೀರು, ನಾಲ್ಕು ನಿಮಿಷ ಕುದಿ, ಆಮೇಲೆ ಹಾಲು. ಬೆಲ್ಲ ಬೇಕೇ ಬೇಕೆಂದರೆ ಚೂರೇ ಚೂರು, ಅದೂ ಒಲೆಯಿಂದ ಇಳಿಸಿದ ಮೇಲೆ. ಕುದಿಯುವಾಗ ಹಾಕಿದರೆ ಹಾಲು ಒಡೆಯುತ್ತದೆ.